ಬೆಟ್ಟದ ಬುಡದ ಸೈಟಿಗಿಂತ ನಕಾಶೆಯಲ್ಲಿರುವ ಬಂಡಿದಾರಿ ಮುಖ್ಯ

ಮಾನ್ಯ ಸಂಪಾದಕರೇ,

ಬೆಂಗಳೂರಿನ ರಸ್ತೆಗಳಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಸಿಗುವ ಫೋರ್ ಬೈ ಫೋರ್ ವಾಹನಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಿವೆ. ಹಳೆಯ ಜಿಪ್ಸಿ, ಎಂಎಂ 540 ಜೀಪುಗಳನ್ನು ಹುಡುಕಿ ತಂದು, ರಿಪೇರಿ ಮಾಡಿಸಿಕೊಂಡು ಓಡಿಸುತ್ತಿದ್ದ ಕೆಲವೇ ಜನರ ಹವ್ಯಾಸವಾಗಿದ್ದ, ಟಾರು ರಸ್ತೆ ಬಿಟ್ಟು ಕೆಸರು, ಕಲ್ಲಿನ ದಾರಿಗಳಲ್ಲಿ ಗಾಡಿ ಓಡಿಸುವ ಆಫ್‌ರೋಡಿಂಗ್, 2020ರಲ್ಲಿ ಹೊಸ ಥಾರ್ ಮತ್ತು 2023ರಲ್ಲಿ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ ಸಾಮಾನ್ಯ ನೌಕರದಾರರ ಮನೆಗಳಿಗೂ ಬಂದಿದೆ. ಈ ಹವ್ಯಾಸವನ್ನು ಬಹಳ ಕಾಲದಿಂದ ಪ್ರೀತಿಸಿಕೊಂಡು ಬಂದವನಾದ ನನ್ನನ್ನು ಹೊಸಬರು ಕೇಳುವ ಪ್ರಶ್ನೆಗಳಲ್ಲಿ ಒಂದು ಪದೇಪದೇ ಬರುತ್ತದೆ: ಮನೆ ಎಲ್ಲಿ ಮಾಡಿದರೆ ಒಳ್ಳೆಯದು? ಬೆಟ್ಟದ ಪಕ್ಕದಲ್ಲಿ, ಕಾಡಿನ ಅಂಚಿನಲ್ಲಿ ಒಂದು ಸೈಟು ಸಿಕ್ಕರೆ ಬಾಗಿಲು ತೆರೆದ ಕೂಡಲೇ ಗಾಡಿ ಇಳಿಸಬಹುದು ಎಂಬ ಆಸೆ ಅವರ ಮಾತಿನಲ್ಲಿ ಇರುತ್ತದೆ. ಅಂಥ ಆಯ್ಕೆ ಹವ್ಯಾಸಿಗೂ ಒಳಿತಲ್ಲ, ಆ ಊರಿಗೂ ಒಳಿತಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದೆ ಇಡಲು ಬಯಸುತ್ತೇನೆ.

ಮೊದಲಿಗೆ ಜಮೀನಿನ ಮಾತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾದ ಮೇಲೆ, ಮಾಗಡಿ, ಕನಕಪುರ, ದೊಡ್ಡಬಳ್ಳಾಪುರಗಳ ದಾರಿಯುದ್ದಕ್ಕೂ ಫಾರ್ಮ್ ಪ್ಲಾಟುಗಳ ಜಾಹೀರಾತು ಫಲಕಗಳು ಎದ್ದು ನಿಂತಿವೆ. ಕೃಷಿ ಜಮೀನು ಕೊಳ್ಳಬಹುದು ಎಂದ ಮಾತ್ರಕ್ಕೆ ಅದರಲ್ಲಿ ವಾಸದ ಮನೆಗಳ ಬಡಾವಣೆ ಎಬ್ಬಿಸಬಹುದು ಎಂದಲ್ಲ. ಅದಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಭೂ ಪರಿವರ್ತನೆ, ಅಂದರೆ ಕೃಷಿಯೇತರ ಬಳಕೆಗೆ ಅನುಮತಿ, ಆಗಿರಬೇಕು. ಪಂಚಾಯಿತಿ ವ್ಯಾಪ್ತಿಯ ನಿವೇಶನವಾದರೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ ಪಡೆಯಬೇಕು. ಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಮಾಡಿದ ರೆವಿನ್ಯೂ ಸೈಟನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಸಾಲಕ್ಕೆ ಹೋದಾಗ ಬ್ಯಾಂಕಿನವರು ಕಾಗದ ತಿರುಗಿಸಿ ಕೊಟ್ಟ ಮೇಲೆ ಕಣ್ಣು ಬಿಡುವವರು ಈಗಲೂ ಇದ್ದಾರೆ. ಬೆಟ್ಟ ಚೆಂದ ಕಾಣುತ್ತದೆ ಎಂಬ ಕಾರಣಕ್ಕೆ ಈ ಕಾಗದಗಳನ್ನು ನೋಡದೆ ಯಾರೂ ಮುಂಗಡ ಕೊಡಬಾರದು.

ಇನ್ನು ಆ ಬೆಟ್ಟ, ಆ ಕಾಡು ಯಾರದು ಎಂಬ ಪ್ರಶ್ನೆ. ಬೆಂಗಳೂರಿನ ದಕ್ಷಿಣಕ್ಕೆ ಕನಕಪುರ ರಸ್ತೆ ಹಿಡಿದು ಹೋದರೆ ಎಡಕ್ಕೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ಮುಂದೆ ಸಂಗಮದ ಕಡೆಗೆ ಕಾವೇರಿ ವನ್ಯಜೀವಿ ಧಾಮ. ನಗರದ ಸುತ್ತಮುತ್ತಲಿನ ಅತ್ಯಂತ ಸುಂದರವಾದ ಗುಡ್ಡಗಾಡು ಇದೇ ಎಂದು ನಾನೂ ಒಪ್ಪುತ್ತೇನೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆಗಳ ಪ್ರಕಾರ ಇಂಥ ಕಾಡುಗಳೊಳಗೆ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದು ಅಪರಾಧ. ಬನ್ನೇರುಘಟ್ಟದ ಸುತ್ತ ಕಟ್ಟಡ, ಗಣಿಗಳಿಗೆ ಕಡಿವಾಣವಿರುವ ಪರಿಸರ ಸೂಕ್ಷ್ಮ ವಲಯವನ್ನು 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಎಂದು ಇಟ್ಟಿದ್ದವರು 2020ರ ಅಂತಿಮ ಅಧಿಸೂಚನೆಯಲ್ಲಿ 168.84 ಚದರ ಕಿಲೋಮೀಟರಿಗೆ ಇಳಿಸಿದರು. ವಲಯ ಕಿರಿದಾಯಿತೆಂದು ಆನೆಗಳ ಓಡಾಟವೇನೂ ಕಿರಿದಾಗಲಿಲ್ಲ. ಕರಡಿಕ್ಕಲ್‌–ಮಾದೇಶ್ವರ ಆನೆ ಕಾರಿಡಾರಿನ (ಆನೆಗಳು ಕಾಡಿಂದ ಕಾಡಿಗೆ ದಾಟುವ ದಾರಿಯ) ಆಸುಪಾಸಿನ ಹಳ್ಳಿಗಳಲ್ಲಿ ಜನ ರಾತ್ರಿ ಹೊಲ ಕಾಯುತ್ತಾರೆ. ಅಂಥ ಕಡೆ ಮುಂಜಾನೆ ಐದಕ್ಕೆ ಎಂಜಿನ್ ಗುರುಗುಟ್ಟಿಸಿಕೊಂಡು, ಛಾವಣಿಯ ಮೇಲಿನ ಸಾಲು ದೀಪ ಹಚ್ಚಿಕೊಂಡು ಹೊರಡುವ ಹೊಸ ನಿವಾಸಿ ಆನೆಗೂ ಹಳ್ಳಿಗೂ ತೊಂದರೆಯೇ ಹೊರತು ಮತ್ತೇನಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಸಾವನದುರ್ಗದ ಸುತ್ತಲೂ ರಾಜ್ಯ ಅರಣ್ಯವಿದೆ. ಹೀಗಿರುವಾಗ ಈ ಬೆಟ್ಟಗಳ ಬುಡದಲ್ಲಿ ಮನೆ ಕಟ್ಟಿದವನಿಗೆ ದಕ್ಕುವುದು ಕಿಟಕಿಯ ನೋಟವೇ ಹೊರತು ಗಾಡಿ ಓಡಿಸುವ ಹಕ್ಕಲ್ಲ.

ಅರಣ್ಯವೆಂದು ಬೇಲಿ ಹಾಕದ ಜಾಗಗಳ ಕತೆ ಇನ್ನೂ ನೋವಿನದು. ಹೆಸರಘಟ್ಟದ ಹುಲ್ಲುಗಾವಲನ್ನು ಬರಿದು ಬಯಲು ಎಂದೇ ಬಹಳ ಮಂದಿ ತಿಳಿದಿದ್ದರು. ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಬೇಕೆಂದು ಪರಿಸರಾಸಕ್ತರು ವರ್ಷಗಟ್ಟಲೆ ಹೋರಾಡಬೇಕಾಯಿತು. ಹುಲ್ಲುಗಾವಲಿನ ಮೇಲೆ ಭಾರದ ವಾಹನ ಒಮ್ಮೆ ಹಾದರೆ ಆಗುವುದೇನು ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಅದರ ಗಂಭೀರತೆ ತಿಳಿಯುತ್ತದೆ. ಕೆಸರಿಗೆಂದೇ ಮಾಡಿದ ಮಡ್ ಟೈರಿನ ಉಬ್ಬು ಹಲ್ಲುಗಳು ಹುಲ್ಲಿನ ಬೇರನ್ನು ಕಿತ್ತು, ಕೆಳಗಿನ ಕೆಂಪು ಮಣ್ಣನ್ನು ಅದುಮಿ ಗಟ್ಟಿ ಮಾಡುತ್ತವೆ. ಗಟ್ಟಿಯಾದ ಮಣ್ಣು ನೀರು ಹೀರುವುದಿಲ್ಲ. ಬಿದ್ದ ಮಳೆ ಆ ಚಕ್ರದ ಗೆರೆಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ, ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಕೊರಕಲು ಬಿದ್ದಿರುತ್ತದೆ. ನೆಲದ ಮೇಲೆಯೇ ಗೂಡು ಮಾಡುವ ನೆಲಗುಬ್ಬಿಯಂಥ ಹಕ್ಕಿಗಳ ಮೊಟ್ಟೆ ಓಡಿಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಕೆರೆಯಂಗಳಕ್ಕೂ ಇದೇ ಮಾತು. ಏರಿಯ ಮೇಲೆ ಗಾಡಿ ಹತ್ತಿಸಿ ಫೋಟೊ ತೆಗೆಸಿಕೊಳ್ಳುವವರಿಗೆ, ಅದು ಮಣ್ಣಿನ ಕಟ್ಟೆ, ಅದರ ಇಳಿಜಾರು ಕುಸಿದರೆ ಕೆಳಗಿನ ಗದ್ದೆಗಳ ಗತಿಯೇನು ಎಂಬ ಯೋಚನೆ ಬರಲೇಬೇಕು.

ಹಾಗಾದರೆ ಆಫ್‌ರೋಡಿಂಗ್ ಮಾಡುವವನು ಎಲ್ಲಿ ಓಡಿಸಬೇಕು? ಬಯಲುಸೀಮೆಯ ಪ್ರತಿ ಹಳ್ಳಿಯಲ್ಲೂ ಇದಕ್ಕೆ ಉತ್ತರವಿದೆ. ಗ್ರಾಮ ನಕಾಶೆಯನ್ನು ತೆರೆದು ನೋಡಿದರೆ ಊರಿಂದೂರಿಗೆ, ಊರಿಂದ ಹೊಲಕ್ಕೆ, ಕೆರೆಯ ಕೋಡಿಯಿಂದ ಗುಂಡುತೋಪಿಗೆ ಹೋಗುವ ಬಂಡಿದಾರಿಗಳು ಗುರುತಾಗಿರುತ್ತವೆ. ಟಾರು ಕಾಣದ, ಮಳೆಗಾಲದಲ್ಲಿ ಕೆಸರಾಗುವ, ಬೇಸಿಗೆಯಲ್ಲಿ ಬಂಡೆಯ ಮೈ ತೋರಿಸುವ ಈ ದಾರಿಗಳು ಸಾರ್ವಜನಿಕರವು. ಗ್ರಾಮ ನಕಾಶೆಗಳು ಸರ್ವೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ಜಾಗದ ಸರ್ವೆ ನಂಬರು ಯಾವುದು, ಅದು ಕೆರೆಯೋ ಸರ್ಕಾರಿ ಜಮೀನೋ ಎಂಬುದು ತಿಳಿಯುತ್ತದೆ. ಮನೆ ನೋಡಲು ಹೋಗುವ ಹವ್ಯಾಸಿ ಬ್ರೋಕರ್ ತೋರಿಸುವ ಬೆಟ್ಟವನ್ನು ನೋಡುವ ಮೊದಲು ಆ ಸುತ್ತಿನ ನಾಲ್ಕಾರು ಹಳ್ಳಿಗಳ ನಕಾಶೆ ತೆಗೆದು, ಇಂಥ ದಾರಿಗಳು ಒಂದಕ್ಕೊಂದು ಕೂಡುತ್ತವೆಯೇ, ಅರ್ಧಕ್ಕೇ ಬಡಾವಣೆಯ ಕಾಂಪೌಂಡಿಗೆ ಬಡಿದು ನಿಲ್ಲುತ್ತವೆಯೇ ಎಂದು ನೋಡಬೇಕು. ಕೂಡುವ ದಾರಿಗಳಿರುವ ಕಡೆಯೇ ನಮ್ಮಂಥವರಿಗೆ ಒಳ್ಳೆಯ ಜಾಗ.

ಮಾಗಡಿ ತಾಲ್ಲೂಕಿನಲ್ಲಿ ನನಗೆ ಅಚ್ಚುಮೆಚ್ಚಾದ ಅಂಥದೊಂದು ದಾರಿಯಿದೆ. ಎರಡು ರಾಗಿ ಹೊಲಗಳ ನಡುವೆ, ಎರಡೂ ಕಡೆ ಕತ್ತಾಳೆ ಮತ್ತು ಲಂಟಾನ ಬೆಳೆದು ಓಣಿಯಂತಾಗಿರುವ ಆ ದಾರಿಯ ನೆಲ, ಅಕ್ಟೋಬರಿನ ಮಳೆ ಬಿದ್ದ ಮೇಲೆ ಮೊಣಕಾಲಿನವರೆಗೆ ಹೂಳುವ ಕೆಸರು. ಟೈರಿನ ಗಾಳಿಯನ್ನು ಇಪ್ಪತ್ತು ಪಿಎಸ್ಐ ಆಸುಪಾಸಿಗೆ ಇಳಿಸಿ, ವೇಗ ಕಡಿಮೆ, ಎಳೆತ ಹೆಚ್ಚು ಇರುವ ಲೋ ರೇಂಜ್ ಗೇರು ಹಾಕಿ, ಆಕ್ಸಿಲರೇಟರ್ ತುಳಿಯದೆ ಎಂಜಿನ್ನಿನ ಸಹಜ ಎಳೆತದಲ್ಲೇ ಬಿಟ್ಟರೆ ಗಾಡಿ ನಿಧಾನಕ್ಕೆ ದಾಟುತ್ತದೆ. ಅವಸರ ಮಾಡಿದರೆ ಚಕ್ರ ಸುತ್ತಿಕೊಂಡು ಆಕ್ಸಲ್‌ವರೆಗೆ ಕೂರುತ್ತದೆ. ಅಲ್ಲಿನ ಹೊಲದ ಯಜಮಾನರೊಬ್ಬರು ಒಮ್ಮೆ ನಮ್ಮ ಮುಂದೆ ಹೋಗಿದ್ದ ಗಾಡಿಯವರು ಕೆಸರು ತಪ್ಪಿಸಲು ಬದುವಿನ ಮೇಲೆ ಹತ್ತಿಸಿದ್ದನ್ನು ತೋರಿಸಿ, ‘ಬದಿನ್ ಮ್ಯಾಲೆ ಹತ್ತಿಸ್ಬ್ಯಾಡಿ ಸ್ವಾಮಿ, ಒಂದ್ ಮಳೆ ಬಂದ್ರೆ ಹೊಲದ್ ಮಣ್ಣೆಲ್ಲ ಹಳ್ಳ ಸೇರ್ತದೆ’ ಎಂದರು. ದಾರಿಯಲ್ಲಿ ಹೋಗಲು ಅವರ ಆಕ್ಷೇಪವೇನೂ ಇರಲಿಲ್ಲ. ಅವರು ಕೇಳಿದ್ದು ದಾರಿಯಲ್ಲೇ ಹೋಗಿ ಎಂದು ಮಾತ್ರ. ಕೆಸರಿನಲ್ಲಿ ದಾಟುವುದನ್ನು ಕಲಿಯಲೆಂದೇ ಹೊರಟವರು ಕೆಸರು ತಪ್ಪಿಸಿ ಬದು ಹತ್ತುವುದರಲ್ಲಿ ಅರ್ಥವೂ ಇಲ್ಲ.

ಈಗ ನಗರದ ಯಾವ ದಿಕ್ಕು ಎಂಬ ಮಾತಿಗೆ ಬರುತ್ತೇನೆ. ವಾರದ ಐದು ದಿನ ಆಫೀಸಿಗೆ ಹೋಗಿಬರುವವನಿಗೆ ಮನೆ ಎಂದರೆ ಮೊದಲು ಆಫೀಸಿನ ದಾರಿ. ಮಡ್ ಟೈರ್ ಹಾಕಿದ ಜೀಪನ್ನು ದಿನವೂ ಸಿಲ್ಕ್ ಬೋರ್ಡಿನ ಸಂದಣಿಯಲ್ಲಿ ಓಡಿಸುವುದು ಗಾಡಿಗೂ ದಂಡ, ಮೈಗೂ ದಂಡ, ಪೆಟ್ರೋಲಿಗಂತೂ ಹೇಳುವುದೇ ಬೇಡ. ಆದ್ದರಿಂದ ವಾರದ ದಿನಗಳಲ್ಲಿ ಜೀಪು ಮನೆಯಲ್ಲೇ ನಿಲ್ಲುವಂತೆ, ಭಾನುವಾರ ನಸುಕಿನಲ್ಲಿ ಊರು ದಾಟದೆಯೇ ಹೊರಬೀಳುವಂತೆ ಮನೆ ಇರಬೇಕು. ನಮ್ಮ ಮೆಟ್ರೊದ ಹಸಿರು ಮಾರ್ಗ ಈ ಎರಡನ್ನೂ ಒಟ್ಟಿಗೆ ಒದಗಿಸುತ್ತದೆ. ಅದರ ದಕ್ಷಿಣದ ತುದಿ 2021ರಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ, ಉತ್ತರದ ತುದಿ 2024ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ಮುಟ್ಟಿದೆ. ನೇರಳೆ ಮಾರ್ಗ 2023ರಲ್ಲಿ ಮೈಸೂರು ರಸ್ತೆಯ ಚಲ್ಲಘಟ್ಟ ಸೇರಿದೆ. ಈ ಮೂರು ತುದಿಗಳ ಆಸುಪಾಸಿನಲ್ಲಿ ಮನೆ ಮಾಡಿದವರು ಕೆಲಸಕ್ಕೆ ರೈಲು ಹತ್ತಿ ಹೋಗಬಹುದು. ರಜೆಯ ದಿನ ನಗರಕ್ಕೆ ಬೆನ್ನು ಮಾಡಿ ಹೊರಟರೆ ಸಾಕು.

ಮೂರರಲ್ಲಿ ನನ್ನ ಮತ ಮಾದಾವರದ ಕಡೆಗೆ. ಅಲ್ಲಿಂದ ಮುಂದೆ ನೆಲಮಂಗಲದಲ್ಲಿ ಹೆದ್ದಾರಿ ಕವಲಾಗುತ್ತದೆ: ಒಂದು ದಾಬಸ್‌ಪೇಟೆ, ತುಮಕೂರಿನ ಕಡೆಗೆ, ಇನ್ನೊಂದು ಕುಣಿಗಲ್, ಹಾಸನ, ಸಕಲೇಶಪುರದ ಕಡೆಗೆ. ವರ್ಷಕ್ಕೊಮ್ಮೆಯಾದರೂ ಮಲೆನಾಡಿಗೆ ಹೋಗಿ ಬರುವ ಆಸೆಯುಳ್ಳವರಿಗೆ ಇಡೀ ಬೆಂಗಳೂರನ್ನು ಅಡ್ಡ ಹಾಯುವ ಕಷ್ಟ ಇಲ್ಲಿ ತಪ್ಪುತ್ತದೆ. ಶಿವಗಂಗೆಯ ಸುತ್ತಿನ ಹಳ್ಳಿಗಳಲ್ಲಿ ಗ್ರಾನೈಟ್ ಬಂಡೆಯ ಮೈಮೇಲೆ ತೆಳುವಾಗಿ ಹರಡಿದ ಕೆಂಪು ಮಣ್ಣಿನ ದಾರಿಗಳು ಹೇರಳವಾಗಿವೆ, ಮತ್ತು ದಕ್ಷಿಣದಷ್ಟು ಒತ್ತಾಗಿ ರಕ್ಷಿತ ಅರಣ್ಯ ಇಲ್ಲಿ ಸುತ್ತುವರಿದಿಲ್ಲ. ದೇವರಾಯನದುರ್ಗದ ಕಾಡನ್ನು ಮಾತ್ರ ಅದರ ಪಾಡಿಗೆ ಬಿಡಬೇಕು. ಚಲ್ಲಘಟ್ಟದ ಕಡೆಯವರಿಗೆ ಮಾಗಡಿ, ಮಂಚನಬೆಲೆಗಳು ಹತ್ತಿರ. ಆದರೆ ಮಂಚನಬೆಲೆ ಜಲಾಶಯದ ಹಿನ್ನೀರಿನ ಸೆಳೆತಕ್ಕೆ ಒಳಗಾಗಿ ನೀರಿಗಿಳಿದು ಜೀವ ಕಳೆದುಕೊಂಡವರಿದ್ದಾರೆ. ಅರ್ಕಾವತಿಯ ಆ ನೀರಿನ ತಳ ಎಲ್ಲಿ ಇಳಿಯುತ್ತದೆ ಎಂದು ಮೇಲಿನಿಂದ ತಿಳಿಯುವುದಿಲ್ಲ. ಗಾಡಿಯನ್ನು ನೀರಿಗೆ ಇಳಿಸುವ ಹುಮ್ಮಸ್ಸು ಅಲ್ಲಿ ಬೇಡವೇ ಬೇಡ.

ಪೂರ್ವದಲ್ಲಿ, ವೈಟ್‌ಫೀಲ್ಡ್, ಹೊಸಕೋಟೆಗಳ ಬಳಿ ಇರುವ ಐಟಿ ನೌಕರರು ಕೋಲಾರದ ಒಣಗಿದ ಕೆರೆಗಳನ್ನು ನೆಚ್ಚಿಕೊಂಡಿದ್ದರು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದರಿಂದ ಆ ಬಿರುಕು ಬಿಟ್ಟ ಅಂಗಳಗಳಲ್ಲಿ ಅನೇಕವು ಈಗ ತುಂಬಿವೆ. ರೈತರ ದೃಷ್ಟಿಯಿಂದ ಇದು ಸಂತೋಷದ ಸಂಗತಿ, ನಮಗೂ ಹಾಗೆಯೇ ಆಗಿರಬೇಕು.

ಊರು ಗೊತ್ತಾದ ಮೇಲೆ ಮನೆ. ಅಪಾರ್ಟ್‌ಮೆಂಟ್ ಆದರೆ ನೆಲಮಾಳಿಗೆಯ ಪಾರ್ಕಿಂಗಿನ ಎತ್ತರವನ್ನು, ಇಳಿಜಾರಿನ ತಿರುವನ್ನು ಟೇಪು ಹಿಡಿದು ಅಳೆಯಬೇಕು. ಥಾರ್, ಜಿಮ್ನಿ ಎರಡೂ ನಾಲ್ಕು ಮೀಟರಿಗಿಂತ ಕಡಿಮೆ ಉದ್ದದವಾದರೂ ಮೇಲೆ ಕ್ಯಾರಿಯರ್ ಹಾಕಿಸಿದರೆ ಸೀಲಿಂಗಿನ ಪೈಪಿಗೆ ತಾಗುವ ಸಾಧ್ಯತೆಯಿದೆ. ಅದಕ್ಕಿಂತ ದೊಡ್ಡ ಸಂಗತಿ ನೀರು. ಕೆಸರಿನಿಂದ ಬಂದ ಗಾಡಿಯ ಅಡಿಭಾಗವನ್ನು ತೊಳೆಯದೆ ಬಿಟ್ಟರೆ ಬ್ರೇಕು, ಬೇರಿಂಗು, ಚಾಸಿಯ ಸಂದುಗಳಲ್ಲಿ ಮಣ್ಣು ಗಟ್ಟಿಯಾಗಿ ತುಕ್ಕು ಹಿಡಿಯುತ್ತದೆ, ಹಾಗಾಗಿ ತೊಳೆಯಲೇಬೇಕು. 2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು. ಪಕ್ಕದ ಮನೆಯವರು ಟ್ಯಾಂಕರಿಗೆ ಕಾಯುತ್ತಿರುವಾಗ ನಾವು ಗೇಟಿನ ಮುಂದೆ ಪೈಪು ಹಿಡಿದು ಕೆಸರು ತೊಳೆಯುವುದು ಯಾವ ಕಾಲದಲ್ಲೂ ಸರಿಯಲ್ಲ. ಮಳೆನೀರು ಸಂಗ್ರಹಿಸುವ ಸಂಪು ಇರುವ ಸ್ವತಂತ್ರ ಮನೆ, ತೊಳೆದ ನೀರು ರಸ್ತೆಗೆ ಹರಿಯದೆ ಇಂಗುವಂತೆ ಹಿತ್ತಿಲಲ್ಲಿ ಜಲ್ಲಿ ಹಾಸಿದ ಒಂದಿಷ್ಟು ಜಾಗ, ಇವೆರಡಿದ್ದರೆ ಮನೆ ಸ್ವಲ್ಪ ಹಳೆಯದಾದರೂ ಒಪ್ಪಿಕೊಳ್ಳಬಹುದು. ಅದೇ ಜಾಗದಲ್ಲಿ ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚಿನ ಹಗ್ಗ, ಅದನ್ನು ಸಿಕ್ಕಿಸುವ ಕೊಂಡಿಯಾದ ಶ್ಯಾಕಲ್, ಎರಡನೇ ಸ್ಟೆಪ್ನಿ ಇಡಲು ಒಂದು ಶೆಡ್ಡು ಹಾಕಿಸಿದರೆ ಮನೆಯವರ ಬೇಸರವೂ ಕಡಿಮೆಯಾಗುತ್ತದೆ.

ಗ್ಯಾರೇಜಿನ ವಿಷಯದಲ್ಲಿ ಬಹಳ ಹೇಳುವುದಿಲ್ಲ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಹೇಗೂ ಇದೆ, ಮೆಟ್ರೊ ಇದ್ದರೆ ಹೋಗಿಬರುವುದು ಸುಲಭ. ಒಂದು ಎಚ್ಚರಿಕೆ ಮಾತ್ರ: ಗಾಡಿಯನ್ನು ಎತ್ತರಿಸುವುದು, ಎಂಜಿನ್ ಬದಲಿಸುವುದು ಮುಂತಾದ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಕಂಪನಿಯಿಂದ ಬಂದ ಹಾಗೆಯೇ ಇರುವ ಗಾಡಿ ನಮ್ಮ ಬಂಡಿದಾರಿಗಳಿಗೆ ಧಾರಾಳವಾಗಿ ಸಾಕು.

ಮನೆಯಿಂದಲೇ ಕೆಲಸ ಮಾಡುವ ಕೆಲವರು ಬೆಂಗಳೂರನ್ನೇ ಬಿಟ್ಟು ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಕಡೆ ಹೋಗುವ ಯೋಚನೆಯಲ್ಲಿದ್ದಾರೆ. ಅವರಿಗೆ ನನ್ನ ಸಲಹೆ ಒಂದೇ: ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಬಾಡಿಗೆಗಿದ್ದು ನೋಡಿ, ಆಮೇಲೆ ಜಾಗ ಕೊಳ್ಳಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಮನೆಗಳು ನೆಲಸಮವಾದದ್ದನ್ನು ನಾಡೇ ಕಂಡಿದೆ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಸಮ ಮಾಡಿದ ಸೈಟಿನ ಮೇಲೆ ಮನೆ ಕಟ್ಟಿ, ಅದಕ್ಕೊಂದು ಆಫ್‌ರೋಡ್ ದಾರಿಯನ್ನೂ ಕಡಿಸುವವರು ತಮ್ಮ ಕೆಳಗೆ ಯಾರ ಮನೆಯಿದೆ ಎಂದು ನೋಡಬೇಕು.

ಹವ್ಯಾಸಿಗಳು ಇಷ್ಟನ್ನೂ ಪಾಲಿಸಿದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ತುಂಬಬೇಕಾದದ್ದು ಸರ್ಕಾರ. ಕಡಿದಾದ ಏರು, ಬಂಡೆ, ಅಡ್ಡ ಇಳಿಜಾರುಗಳಲ್ಲಿ ಗಾಡಿಯನ್ನು ಪರೀಕ್ಷಿಸಲು, ಹೊಸಬರಿಗೆ ಕಲಿಸಲು ಬಂಡಿದಾರಿ ಸಾಲದು. ಅಂಥ ಜಾಗ ಇಲ್ಲವಾದ್ದರಿಂದಲೇ ಜನ ಬೆಟ್ಟಕ್ಕೆ, ಕೆರೆಯಂಗಳಕ್ಕೆ ನುಗ್ಗುತ್ತಾರೆ. ಬೆಂಗಳೂರಿನ ಸುತ್ತ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಿವೆ. ಮತ್ತೆ ಹೊಲವಾಗದ, ಕಾಡಾಗಲು ದಶಕಗಳು ಹಿಡಿಯುವ ಈ ಜಾಗಗಳಿಗೆ ಈಗಾಗಲೇ ಆಗಬಹುದಾದ ಹಾನಿಯೆಲ್ಲ ಆಗಿದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆ ಗುತ್ತಿಗೆ ಮುಗಿದ ಕ್ವಾರಿಗಳಲ್ಲಿ ವಸತಿಯಿಂದ ದೂರವಿರುವ ಒಂದೆರಡನ್ನು ಗುರುತಿಸಿ, ನೀರು ನಿಂತ ಆಳದ ಗುಂಡಿಗಳಿಗೆ ಗಟ್ಟಿಯಾದ ಬೇಲಿ ಹಾಕಿಸಿ, ಗ್ರಾಮ ಪಂಚಾಯಿತಿಯ ಉಸ್ತುವಾರಿಗೆ ಒಪ್ಪಿಸಬಹುದು. ಪ್ರವೇಶ ಶುಲ್ಕ ಪಂಚಾಯಿತಿಗೇ ಸೇರಲಿ, ಊರಿನ ಹುಡುಗರಿಗೆ ಅಲ್ಲಿ ಕೆಲಸ ಸಿಗಲಿ, ಸಂಜೆಯಾದ ಮೇಲೆ ಗೇಟು ಮುಚ್ಚಲಿ. ಸಾಹಸ ತರಬೇತಿಗೆಂದೇ ಇರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಚಾಲನೆ ಮತ್ತು ಸಿಕ್ಕಿಬಿದ್ದ ಗಾಡಿ ಎತ್ತುವ ವಿಧಾನಗಳಲ್ಲಿ ತರಬೇತಿ ಏರ್ಪಡಿಸಬಹುದು. ಬಿಗಿಯಾದ ವಿಂಚಿನ ಹಗ್ಗ ಹರಿದರೆ ಎದುರಿಗಿದ್ದವನ ಪ್ರಾಣಕ್ಕೇ ಸಂಚಕಾರ ಎಂಬುದನ್ನು ಹೊಸಬರಿಗೆ ಯಾರಾದರೂ ಹೇಳಿಕೊಡಲೇಬೇಕಲ್ಲ.

ಇದರ ಜೊತೆಗೆ ತಹಶೀಲ್ದಾರರು ನಕಾಶೆಯಲ್ಲಿರುವ ಬಂಡಿದಾರಿಗಳ ಒತ್ತುವರಿಯನ್ನು ತೆರವು ಮಾಡಿಸಿ, ಎರಡೂ ತುದಿಗಳಲ್ಲಿ ಸರ್ವೆ ನಂಬರು ಮತ್ತು ‘ಸಾರ್ವಜನಿಕ ದಾರಿ, ಬದು ಹತ್ತಿಸಬೇಡಿ’ ಎಂಬ ಫಲಕ ನೆಡಿಸಿದರೆ, ಹೊಲಕ್ಕೆ ಟ್ರ್ಯಾಕ್ಟರ್ ಒಯ್ಯಲಾಗದೆ ಅಲೆಯುವ ರೈತರಿಗೇ ಮೊದಲ ಅನುಕೂಲವಾಗುತ್ತದೆ. ಮಾಗಡಿ, ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳಲ್ಲಿ ತಲಾ ಒಂದು ಹೋಬಳಿಯನ್ನು ಆರಿಸಿಕೊಂಡು ಬರುವ ಮುಂಗಾರಿಗೆ ಮುಂಚೆಯೇ ಈ ಕೆಲಸ ಆರಂಭಿಸಬೇಕೆಂದು ಕಂದಾಯ ಇಲಾಖೆಯನ್ನು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ವಿಜಯನಗರ, ಬೆಂಗಳೂರು